ಚಿಗವ್ವನಿಗೆ ಗಿಟ್ ಹಾಕಿಕೊಟ್ಟದ್ದು

ನಮ್ಮ ಚಿಗವ್ವ ಮದುವೆಯಾದಾಗಿನಿಂದ ಮೊನ್ನೆ ಮೊನ್ನೆಯವರೆಗೂ ಗಂಡನ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ತಿಕೋಟಾದಿಂದ ಬಬಲೇಶ್ವರದವರೆಗೆ ಯಾವ ಊರಿಗೆ ಬೇಕಾದರೂ ಹೋಗಿ ವಿಚಾರಿಸಿ, ಅಲ್ಲಿಯ ಅರ್ಧ ಹೆಂಗಸರ ಬಾಯಿಂದ ಅವರವರ ಗಂಡಂದಿರ ಹೆಸರು ಹೊರಡಿಸಿದವಳು ಅವಳೇ! ಊರಿಗೆಲ್ಲ ಅಡುಗೆ ಮಾಡಿ ಬಡಿಸಿ ತಾನು ಮಾತ್ರ ಉಪವಾಸ ಕೂತವಳನ್ನು ಏನೆಂದು ಕರೆಯುತ್ತೀರಿ? ನಾವು ಚಿಗವ್ವ ಎಂದು ಕರೆಯುತ್ತೇವೆ. ನನ್ನ ಅಪ್ಪನ ತಮ್ಮನ ಹೆಂಡತಿ. ಆ ತಮ್ಮ, ಅಂದರೆ ನಮ್ಮ ಕಾಕಾ, ಬಬಲೇಶ್ವರದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಅವರ ಹೆಸರನ್ನು ನಾನೂ ಸದ್ಯಕ್ಕೆ ಬರೆಯುವುದಿಲ್ಲ. ಚಿಗವ್ವ ಇದನ್ನು ಓದುತ್ತಾಳೆ. ಅವಳಿಗಿಂತ ಮೊದಲು ನಾನು ಹೇಳಿಬಿಟ್ಟರೆ ಚೆನ್ನಾಗಿರುವುದಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಮದುವೆ, ಉಡಿ ತುಂಬುವುದು, ಹೊಸ್ತಿಲು ದಾಟುವುದು ಇಂಥ ಹೊತ್ತಿನಲ್ಲಿ ಹೆಂಗಸರು ದಾರಿಗೆ ಅಡ್ಡ ನಿಂತು “ಹೆಸರು ಹೇಳು” ಎಂದು ಕಾಡಿದಾಗ, ಪ್ರಾಸದ ಎರಡು ಸಾಲಿನೊಳಗೆ ಸುತ್ತಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಒಡಪು ಬಾರದ ಮದುಮಗಳ ಪಾಡು ಕೇಳಬೇಡಿ. ಬಾಯಿಪಾಠ ಮಾಡಿದ ಹಳೆಯದನ್ನೇ ಒಪ್ಪಿಸಿದರೆ ಇನ್ನೂ ಕಡೆ, ಹಿಂದಿನ ಸಾಲಿನಲ್ಲಿ ಕೂತ ಮುದುಕಿಯರೇ ಅವಳಿಗಿಂತ ಮೊದಲು ಹೇಳಿ ಮುಗಿಸಿಬಿಡುತ್ತಾರೆ. ಹಾಗಾಗಿ ಮದುವೆ ಗೊತ್ತಾದ ಹುಡುಗಿಯರು ಸೀರೆ ಆರಿಸುವ ಮೊದಲು ಚಿಗವ್ವನಿಗೆ ಫೋನು ಮಾಡುತ್ತಾರೆ. ಚಿಗವ್ವ ಮೂರೇ ಪ್ರಶ್ನೆ ಕೇಳುತ್ತಾಳೆ: ಹುಡುಗನ ಹೆಸರೇನು, ಉದ್ಯೋಗವೇನು, ಸಿಟ್ಟು ಬರುತ್ತದೆಯೋ ಇಲ್ಲವೋ? ಕಳ್ಳಕವಟಗಿಯ ಹುಡುಗಿಯೊಬ್ಬಳ ಗಂಡ ಹೊಲಗಳಿಗೆ ಡ್ರೋನ್‌ನಿಂದ ಔಷಧಿ ಹೊಡೆಯುವವನು. ಚಿಗವ್ವ ಒಗ್ಗರಣೆಗೆ ಸಾಸಿವೆ ಸಿಡಿಯುವಷ್ಟರಲ್ಲಿ ಕಟ್ಟಿಕೊಟ್ಟಳು:

“ಮುಗಿಲಾಗ ಹಾರತಾವ ಬೆಳ್ಳಕ್ಕಿ ಸಾಲು,
ಡ್ರೋನ್ ಹಾರಸೋ ರಾಜಶೇಖರರ ಕೈಯಾಗ ನನ್ನ ಬಾಳು.”

ಒಬ್ಬಳಿಗೆ ಕಟ್ಟಿದ ಒಡಪನ್ನು ಇನ್ನೊಬ್ಬಳಿಗೆ ಕೊಡುವುದಿಲ್ಲ ಎಂಬುದು ಅವಳ ವ್ರತ. ಅದರ ಹಿಂದೆ ಸಾರವಾಡದ ಒಂದು ಕಥೆ ಇದೆ. ಆಗಿನ್ನೂ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಕಾಲ. ಒಂದೇ ಮನೆಗೆ ಸೊಸೆಯರಾಗಿ ಹೋದ ಇಬ್ಬರಿಗೆ ಮರೆತು ಒಂದೇ ಒಡಪನ್ನು ಕೊಟ್ಟುಬಿಟ್ಟಿದ್ದಳು, ಗಂಡಂದಿರ ಹೆಸರು ಮಾತ್ರ ಬೇರೆ. ಆ ಮನೆಯಲ್ಲಿ ನಡೆದ ಕುಬಸದ, ಅಂದರೆ ಸೀಮಂತದ, ದಿನ ಹಿರಿಯವಳು ಎದ್ದು ನಿಂತು “ಬಳ್ಳ್ಯಾಗ ಇದ್ರ ದ್ರಾಕ್ಷಿ, ಒಣಗಿದ್ರ ಮನೂಕ, ಸುರೇಶರಾಯರ ಜೋಡಿ ಇರ್ತೀನಿ ನಾ ಕಡೀತನಕ” ಎಂದು ಭೇಷ್ ಅನ್ನಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕಿರಿಯವಳು ಎದ್ದು “ಬಳ್ಳ್ಯಾಗ ಇದ್ರ ದ್ರಾಕ್ಷಿ” ಎಂದಳು ನೋಡಿ. “ಏ, ಅದು ನನ್ನ ಮನೂಕ” ಎಂದು ಹಿರಿಯವಳು ಅಲ್ಲೇ ತಡೆದಳು. ಆ ಮನೆಯಲ್ಲಿ ಇಂದಿಗೂ ಪಾಯಸಕ್ಕೆ ಒಣದ್ರಾಕ್ಷಿ ಹಾಕುವುದಿಲ್ಲವಂತೆ.

ಇಷ್ಟೆಲ್ಲ ಕಟ್ಟುವವಳು ಗಂಡನ ಹೆಸರು ಬಂದಾಗ ಮಾತ್ರ ಮೂಕಿ. ಬ್ಯಾಂಕಿನಲ್ಲಿ “ಯಜಮಾನರ ಹೆಸರೇನ್ರಿ?” ಎಂದರೆ ಆಧಾರ್ ಕಾರ್ಡು ಮುಂದಿಟ್ಟು ಬೆರಳು ತೋರಿಸುತ್ತಾಳೆ. ಅಂಗಡಿಯ ಹತ್ತಿರ ಯಾರಾದರೂ ಕೇಳಿದರೆ ತಲೆ ಮೇಲೆತ್ತಿ ಬೋರ್ಡು ನೋಡುತ್ತಾಳೆ. ಮೊಬೈಲಿನಲ್ಲಿ ಕಾಕಾನ ನಂಬರು “ಅವರು” ಎಂದೇ ಇದೆ. ಒಮ್ಮೆ ವಿಜಯಪುರದಲ್ಲಿ ಯಾವುದೋ ಕೃಷಿ ಮೇಳದ ಗದ್ದಲದಲ್ಲಿ ಕಾಕಾ ಕಣ್ತಪ್ಪಿದರು. ಅವರ ಮೊಬೈಲು ಇವಳ ಚೀಲದಲ್ಲೇ ಇತ್ತು. ಮೈಕಿನವನ ಹತ್ತಿರ ಹೋದಳು. ಅವನು ಹೆಸರು ಕೇಳಿದ.

“ಹೆಸರು ಬ್ಯಾಡ್ರಿ. ‘ಮನಿಯವರು ಕರೀಲಿಕ್ಕತ್ತಾರ, ಲಗೂನ ಬರಬೇಕು’ ಅಂತ ಕೂಗ್ರಿ ಸಾಕು” ಎಂದಳು.

ಅವನು ಕೂಗಿದ. ಐದೇ ನಿಮಿಷದಲ್ಲಿ ಮೈಕಿನ ಮುಂದೆ ಗಾಬರಿಯ ಮುಖ ಹೊತ್ತ ಗಂಡಸರ ದೊಡ್ಡ ಸಾಲು! ಅವರೊಳಗಿಂದ ತನ್ನವರನ್ನು ಆರಿಸಿಕೊಂಡು ಬಂದಳಂತೆ.

ಇದಕ್ಕೆಲ್ಲ ಮೂಲ ಅವಳ ಮದುವೆಯ ಸುರಗಿ. ಸುರಗಿ ಎಂದರೆ ಸುತ್ತ ತಂಬಿಗೆಗಳನ್ನಿಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ಅರಿಶಿನ ಹಚ್ಚಿ ನೀರು ಹಾಕುವ ಶಾಸ್ತ್ರ. ಅಲ್ಲಿ ಹೆಂಗಸರು ಹೊಸ ಸೊಸೆಯನ್ನು ಹೆಸರು ಹೇಳೆಂದು ಹಿಡಿದರು. ಅವಳಿಗೆ ಒಂದು ಒಡಪೂ ಗೊತ್ತಿರಲಿಲ್ಲ. ನೀರು ತಣ್ಣಗಿತ್ತು, ನಗು ಜೋರಾಗಿತ್ತು, ಅವಳ ಕಣ್ಣು ತುಂಬಿ ಬಂದವು. ಆಗ ಪಕ್ಕದಲ್ಲಿ ಕೂತಿದ್ದ ಕಾಕಾ, “ಆಮ್ಯಾಲೆ ಹೇಳ್ತಾಳ ಬಿಡ್ರಿ” ಎಂದು ಅವಳನ್ನು ಪಾರುಮಾಡಿದರು. ಮದುಮಗ ಸುರಗಿಯಲ್ಲಿ ಬಾಯಿ ತೆರೆದದ್ದೇ ದೊಡ್ಡ ಸುದ್ದಿಯಾಯಿತು. ಚಿಗವ್ವ ಆ ಅವಮಾನಕ್ಕೇ ಒಡಪು ಕಟ್ಟಲು ಕಲಿತಳು, ಮತ್ತಾವ ಹುಡುಗಿಗೂ ಹಾಗಾಗಬಾರದೆಂದು ಊರಿಗೆಲ್ಲ ಕಟ್ಟಿಕೊಟ್ಟಳು. ಕಾಕಾನ “ಆಮ್ಯಾಲೆ” ಮಾತ್ರ ಹಾಗೇ ಉಳಿಯಿತು. ಯಾರಾದರೂ ಕೆಣಕಿದರೆ ಅವರು ನಕ್ಕು “ಆಮ್ಯಾಲೆ ಹೇಳ್ತಾಳ” ಎಂದು ಮೋಟಾರಿನ ತಂತಿ ಸುತ್ತತೊಡಗುತ್ತಿದ್ದರು.

ಈಗ ಅವಳ ಮಗನ ಮದುವೆ ನಿಶ್ಚಯವಾಯಿತು. ಹುಡುಗಿ ತಿಕೋಟಾದವಳು. ಮಗನ ಮದುವೆಯಲ್ಲಿ ತಂದೆತಾಯಿಯನ್ನೂ ಸುರಗಿಯಲ್ಲಿ ಕೂರಿಸುತ್ತಾರೆ, ತಾಯಿಯನ್ನೂ ಹೆಸರು ಕೇಳುತ್ತಾರೆ. ಇವಳಿಂದ ಒಡಪು ಕಟ್ಟಿಸಿಕೊಂಡ ಹೆಂಗಸರೆಲ್ಲ “ನಿನ್ನ ಬಾಯಿಂದ ಹೆಂಥಾದ್ದು ಬರ್ತದೋ ನೋಡಾಕ ಬರ್ತೇವಿ” ಎಂದು ಆಗಲೇ ಬಸ್ಸಿನ ಟೈಮು ಕೇಳುತ್ತಿದ್ದರು. ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ. ತಪ್ಪಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ. ಕಾಕಾನಿಗಾಗಿ ಒಂದು ಒಡಪು ಬೇಕು, ಅದು ಎಲ್ಲಕ್ಕಿಂತ ಚಂದ ಇರಬೇಕು, ಅದನ್ನು ಅವರ ಪಕ್ಕ ಕೂತು ಹೇಳಬೇಕು. ಊರಿಗೆಲ್ಲ ಸಾಸಿವೆ ಸಿಡಿಯುವಷ್ಟರಲ್ಲಿ ಕಟ್ಟಿದವಳಿಗೆ ಇದೊಂದು ಕೂಡಿಬರಲಿಲ್ಲ!

ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಒತ್ತುವುದನ್ನು ಕಲಿತಿದ್ದಳು. ಅದರ ಫ್ಯಾನು ಗಿರಣಿಯಂತೆ ಸದ್ದು ಮಾಡುತ್ತದೆ. ಸಂಜೆ ಅದು ಕೇಳಿಸಿದರೆ ಚಿಗವ್ವ ಒಡಪು ಕಟ್ಟುತ್ತಿದ್ದಾಳೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಸಾಲು ಬರೆಯುವಳು, ಸೇವ್ ಮಾಡುವಳು, ಒಂದು ಶಬ್ದ ಬದಲಿಸುವಳು, ಮತ್ತೆ ಸೇವ್. ಮರುದಿನ ನಿನ್ನೆಯದೇ ಚಂದವಿತ್ತು ಅನ್ನಿಸುವುದು. ನಿನ್ನೆಯದು ಎಲ್ಲಿದೆ? ಹೋಯಿತು. ಹೋಗಬಾರದೆಂದು ಬೇರೆ ಬೇರೆ ಫೈಲು ಮಾಡತೊಡಗಿದಳು. ಅವುಗಳ ಹೆಸರು ನಾನೇ ಕಣ್ಣಾರೆ ನೋಡಿದ್ದೇನೆ: “ಹೊಸದು”, “ಭಾಳ ಹೊಸದು”, “ಇದ ಖರೆ”, “ಅದಲ್ಲ ಇದ ಖರೆ”, “ಯಾವದೂ ಅಲ್ಲ”.

ಆ ದಿನಗಳಲ್ಲೇ ಸೀರೆ ಖರೀದಿಗೆ ವಿಜಯಪುರಕ್ಕೆ ಬಂದವಳು ನಮ್ಮ ಮನೆಗೆ ಬಂದಳು. ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಮರುದಿನದ ಪಾಠಕ್ಕೆಂದು ಕಪ್ಪು ಪರದೆಯ ಮೇಲೆ ಗಿಟ್ ಎಂಬ ಸಾಧನವನ್ನು ಓಡಿಸಿ ನೋಡುತ್ತಿದ್ದೆ. ಚಿಗವ್ವ ಬೆನ್ನ ಹಿಂದೆ ಬಂದು ನಿಂತಳು.

“ಏನ ಇದು, ಚಿತ್ರ ಇಲ್ಲ ಬಣ್ಣ ಇಲ್ಲ, ಸೂತಕದ ಮನಿ ಇದ್ದಂಗ?”

“ಇದು ಬರೆದದ್ದನ್ನೆಲ್ಲಾ ಕಾಯ್ತದ ಚಿಗವ್ವಾ. ನೀ ಏನರೆ ಬದಲ್ ಮಾಡಿದಿ ಅಂದ್ರ, ಹಳೇದನ್ನೂ ಇಟ್ಕೋತದ, ಹೊಸದನ್ನೂ ಇಟ್ಕೋತದ. ಯಾಕ ಬದಲ್ ಮಾಡಿದಿ ಅಂತ ಒಂದು ಸಾಲು ಬರಸ್ಕೋತದ. ಯಾವಾಗ ಬೇಕಾದ್ರೂ ಹಿಂದ ಹೋಗಬಹುದು.”

“ಎಷ್ಟು ಹಿಂದ?”

“ಎಲ್ಲಾಕಿಂತ ಮೊದಲಿನದರ ತನಕ.”

ಚಿಗವ್ವ ಸೀರೆಯ ಗಂಟನ್ನು ಕೆಳಗಿಟ್ಟಳು. “ನನಗೂ ಹಾಕಿಕೊಡು” ಎಂದಳು. ಅಷ್ಟರಲ್ಲಿ ಒಳಗಿದ್ದ ನನ್ನ ಗಂಡನನ್ನು ನಾನು “ಪ್ರವೀಣಾ, ಚಹಾ ಇಡು” ಎಂದು ಕೂಗಿದೆ. ಚಿಗವ್ವ ಬಾಗಿಲು ನೋಡಿ ದನಿ ತಗ್ಗಿಸಿ, “ಕುಕ್ಕರ ಸೀಟಿ ಹೊಡದಂಗ ಗಂಡನ ಹೆಸರು ಕೂಗ್ತಿ, ನಿನಗ ಇಂಥಾ ಮಷೀನು ಯಾತಕ್ಕ ಬೇಕು” ಎಂದಳು. ಚಹಾ ಮಾತ್ರ ಎರಡು ಲೋಟ ಕುಡಿದಳು.

ರವಿವಾರ ನಾನು ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋದೆ. ಚಿಗವ್ವ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಇಟ್ಟಿದ್ದಳು. ಮೊಬೈಲ್ ಸಿಗ್ನಲ್ ಮಾಳಿಗೆಯ ಮೇಲೆ ಮಾತ್ರ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಒಣಹಾಕಿದ ಸಂಡಿಗೆಯ ಪಕ್ಕ ಕೂತು ಗಿಟ್ ಇಳಿಸಿಕೊಂಡೆವು. ಸಂಡಿಗೆ ಕಾಯಲು ಕೂತಿದ್ದ ಪಕ್ಕದ ಮನೆಯ ಅಜ್ಜಿ “ಏನ ಇಳಸಾಕತ್ತೀರಿ?” ಎಂದಳು. ಚಿಗವ್ವ “ನೆನಪಿನ ಸಾಮಾನು” ಎಂದಳು. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇದಕ್ಕಿಂತ ಉದ್ದ ಬರೆದು ಇದಕ್ಕಿಂತ ಕಡಿಮೆ ಹೇಳಿದ್ದಾರೆ.

ಈ ಸಾಧನವನ್ನು ಕೂರಿಸುವಾಗ ಅದು ಸಾಲುಸಾಲಾಗಿ ಪ್ರಶ್ನೆ ಕೇಳುತ್ತದೆ. ನಾವೆಲ್ಲ ಏನು ಮಾಡುತ್ತೇವೆ? ಓದದೆ ‘ನೆಕ್ಸ್ಟ್’ ಒತ್ತುತ್ತೇವೆ. ಚಿಗವ್ವ ನನ್ನ ಕೈ ಹಿಡಿದುಕೊಂಡಳು.

“ಪಾಪ, ಅವರು ಇಷ್ಟು ಕೇಳಾಕತ್ತಾರ, ನೀ ಮುಂದ ಮುಂದ ಅಂತ ಒತ್ತತಿ. ಬೀಗರ ಮನ್ಯಾಗ ಹಿಂಗ ಮಾಡಿದ್ರ ನಡೀತದೇನು? ಏನ ಕೇಳ್ಯಾರ ಹೇಳು.”

ಹೇಳಿದೆ. ಯಾವ ಜಾಗದಲ್ಲಿ ಇಡಬೇಕು ಎಂದರೆ “ದೇವರ ಕೋಣಿ ಬ್ಯಾಡ, ಬಾಕಿ ಎಲ್ಲಿದ್ರೂ ಅಡ್ಡಿಯಿಲ್ಲ” ಎಂದಳು. ಬರೆಯಲು ಯಾವ ಎಡಿಟರ್ ಬೇಕು ಎಂದಾಗ, ಅದು ತಾನಾಗಿ ತೋರಿಸಿದ್ದನ್ನು ಬಿಟ್ಟು ನೋಟ್‌ಪ್ಯಾಡ್ ಆರಿಸಿದೆ. ಆ ಇನ್ನೊಂದರೊಳಗೆ ಹೋಗಿ ಹೊರಗೆ ಬರಲಾಗದೆ ಕಂಪ್ಯೂಟರನ್ನೇ ಬಂದ್ ಮಾಡಿದವರನ್ನು ನಾನು ಬಲ್ಲೆ, ಅವರಲ್ಲಿ ಇಬ್ಬರು ನಮ್ಮ ವಿಭಾಗದಲ್ಲೇ ಇದ್ದಾರೆ. ಆಮೇಲೆ ಬಂತು, ಸಾಲಿನ ಕೊನೆಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ.

“ಸಾಲು ಹೆಂಗ ಮುಗಸಬೇಕು ಅಂತ ಕೇಳಾಕತ್ತದ ಚಿಗವ್ವಾ.”

“ಪ್ರಾಸದಾಗ ಮುಗಸಬೇಕು ಅನ್ನು. ಅಷ್ಟೂ ಗೊತ್ತಿಲ್ಲೇನು ಅದಕ್ಕ?”

ಅಂತೂ ಗಿಟ್ ಬಂದು ಕೂತಿತು. ಪರೀಕ್ಷೆಗೆಂದು “ಏನರೆ ಎರಡು ಸಾಲು ಬರಿ” ಎಂದೆ. ಚಿಗವ್ವ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ತಡೆಯದೆ, ಯೋಚಿಸದೆ ಬರೆದಳು. ಹೆಸರಿನ ಜಾಗದಲ್ಲಿ ಚುಕ್ಕಿ ಇಟ್ಟಳು. ಅದನ್ನು ಕಾಯಲು ಹೇಳುವ ಆಜ್ಞೆ ಕೊಟ್ಟೆ. ಆಗ ಕಪ್ಪು ಪರದೆ ಒಪ್ಪಲಿಲ್ಲ. ನೀವು ಯಾರು ಎಂದು ದಯವಿಟ್ಟು ಹೇಳಿ ಎಂದಿತು. ಹೆಸರು ಮತ್ತು ಇಮೇಲು ಕೊಡದೆ ಅದು ಮುಂದೆ ಹೋಗುವುದಿಲ್ಲ.

“ಮರ್ಯಾದಿ ಐತಿ ಇದಕ್ಕ” ಎಂದು ಚಿಗವ್ವ ಮೆಚ್ಚಿಕೊಂಡು ಕೀಲಿಮಣೆಯ ಮೇಲೆ ಕೈಯಿಟ್ಟಳು. ತನ್ನ ಹೆಸರು ಒತ್ತಿದಳು. ನಿಂತಳು.

ನಮ್ಮ ಕಡೆ ಹೆಂಗಸರ ಪೂರ್ಣ ಹೆಸರಿನ ನಡುವೆ ಗಂಡನ ಹೆಸರು ಇರುತ್ತದೆ. ಮೊದಲು ತನ್ನದು, ನಡುವೆ ಅವರದು, ಕೊನೆಗೆ ಮನೆತನದ ಅಡ್ಡಹೆಸರು. ಚಿಗವ್ವನ ಬೆರಳು ನಡುವಿನ ಜಾಗಕ್ಕೆ ಬಂದು ಕಲ್ಲಾಯಿತು!

“ಒತ್ತಿದ್ರ ಹೇಳಿದಂಗ ಆಗ್ತದೇನು?” ಎಂದಳು.

ನಾನು ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಬಾಯಿಂದ ಬರದಿದ್ದರೆ ಹೇಳಿದಂತಲ್ಲ ಎಂದು ನಾನು ವಾದಿಸಿದೆ. ಸಂಡಿಗೆಯ ಅಜ್ಜಿಯನ್ನು ಕೇಳಿದಾಗ, ಮನಸ್ಸಿನಲ್ಲಿ ಓದಿಕೊಂಡು ಒತ್ತಿದರೆ ಹೇಳಿದಂತೆಯೇ ಎಂದು ತೀರ್ಪು ಕೊಟ್ಟಳು. ನಾನೇ ಒತ್ತುತ್ತೇನೆ ಎಂದರೆ ಚಿಗವ್ವ ಒಪ್ಪಲಿಲ್ಲ. “ನನ್ನ ಹೆಸರಿನ್ಯಾಗ ಅವರನ್ನ ನೀ ಯಾಕ ತಂದು ಕೂಡಸ್ತಿ? ತರೂದಿದ್ರ ನಾನ ತರಬೇಕು” ಎಂದಳು. ಕೊನೆಗೆ ನಡುವೆ ಒಂದು ಅಡ್ಡಗೆರೆ ಎಳೆದು ಬಿಟ್ಟಳು. ಗಿಟ್ ಏನೂ ತಕರಾರು ಮಾಡದೆ ಒಪ್ಪಿಕೊಂಡಿತು. ಇಮೇಲನ್ನು ಮಾತ್ರ, ಅದರಲ್ಲೂ ಕಾಕಾನ ಹೆಸರು ಇದ್ದುದರಿಂದ, ಹೊಸದಾಗಿ ಮಾಡಬೇಕಾಯಿತು.

ಮೊದಲ ಒಡಪು ಹೀಗೆ ಒಳಗೆ ಹೋಯಿತು. ಯಾಕೆ ಬರೆದೆ ಎಂಬ ಕಾರಣದ ಜಾಗದಲ್ಲಿ ಚಿಗವ್ವ “ಸುಮ್ನ” ಎಂದು ಬರೆದಳು. ನಂತರ ತಾನು ಬರೆದದ್ದನ್ನು ಓದಿ ಮುಖ ಸಿಂಡರಿಸಿ, “ಛೀ, ಇದು ಒಡಪಲ್ಲ. ಒಂದು ಅಲಂಕಾರ ಇಲ್ಲ, ಬರೇ ಖರೆ ಮಾತು” ಎಂದು ಅಳಿಸಿ ಹೊಸದಕ್ಕೆ ಕೂತಳು.

ಆಮೇಲಿನ ದಿನಗಳು ಕಾಕಾನಿಗೆ ಕಷ್ಟದವು. ಹೊಸ ಒಡಪಿನಲ್ಲಿ ಅವರನ್ನು ಚಂದ್ರನಿಗೆ ಹೋಲಿಸಿದ್ದ ಚಿಗವ್ವ ಪ್ರತಿ ಬದಲಾವಣೆಗೂ ಪ್ರಾಮಾಣಿಕವಾಗಿ ಕಾರಣ ಬರೆಯುತ್ತಿದ್ದಳು. ಸಂಶಯ ಬಂದಾಗಲೆಲ್ಲ ಪರದೆಯ ಫೋಟೊ ತೆಗೆದು ನನಗೆ ಕಳಿಸುತ್ತಿದ್ದಳು. “ಪಲ್ಯಾಕ್ಕ ಉಪ್ಪಿಲ್ಲ ಅಂದ್ರು, ಅದಕ್ಕ ಚಂದ್ರ ತಗದೀನಿ.” “ಹೂವು ತಂದ್ರು, ಚಂದ್ರನ ಹೊಳ್ಳಿ ಹಾಕೀನಿ.” “ಹೂವು ಅಂಗಡಿ ಪೂಜಾಕ್ಕ ತಂದಿದ್ರಂತ, ಚಂದ್ರ ಹೋತು.” “ಗೋಳಗುಮ್ಮಟ ಹಾಕಿದ್ದೆ. ಎಲ್ಲಾರೂ ಅದನ್ನ ಹಾಕ್ತಾರ, ತಗದೀನಿ.” ಅವಳು ಚಂದ್ರ ಚಂದ್ರ ಎಂದು ಗುನುಗುವುದು ಕಿವಿಗೆ ಬಿದ್ದಿದ್ದ ಕಾಕಾ ಫೋನು ಮಾಡಿ ಮೆಲ್ಲಗೆ, “ಯವ್ವಾ, ಇವತ್ತ ನಾ ಚಂದ್ರ ಅದೀನೋ ಇಲ್ಲೋ? ಬಾಗಲದಾಗ ಬಂದಾಗ ಗೊತ್ತಿದ್ರ ಛಲೋ” ಎಂದು ಕೇಳುತ್ತಿದ್ದರು. ನಾನು ಗುಟ್ಟು ಬಿಡುತ್ತಿರಲಿಲ್ಲ, ಹೂವು ತಗೊಂಡು ಹೋಗಿರಿ ಎಂದಷ್ಟೇ ಹೇಳುತ್ತಿದ್ದೆ.

ಸುರಗಿಯ ದಿನ ಬಂತು. ಬಬಲೇಶ್ವರದ ಮನೆಯ ಅಂಗಳ ಹೆಂಗಸರಿಂದ ತುಂಬಿಹೋಗಿತ್ತು. ಸಾರವಾಡದ ಇಬ್ಬರು ಸೊಸೆಯರೂ ಬಂದು ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದರು. ನಾನು ಅರಿಶಿನ ಕಲಸುತ್ತಿದ್ದೆ. ಚಿಗವ್ವ ಒಳಗಿನಿಂದ ಬಂದು ನನ್ನ ರಟ್ಟೆ ಹಿಡಿದಳು. ಅವಳ ಮುಖ ಬಿಳಿಚಿತ್ತು.

“ಹೋತು” ಎಂದಳು.

ಕೊನೆಯ ಸಲ ಓದಿಕೊಳ್ಳೋಣವೆಂದು ಫೈಲು ತೆರೆದು ಕೂತಿದ್ದಾಳೆ. ಅಷ್ಟರಲ್ಲಿ ಕಾಕಾ ಟವೆಲ್ಲು ಹುಡುಕುತ್ತ ಒಳಗೆ ಬಂದಿದ್ದಾರೆ. ಹೇಳುವ ಮೊದಲೇ ಅವರ ಕಣ್ಣಿಗೆ ಬಿದ್ದರೆ ಹೇಗೆ? ಗಾಬರಿಯಲ್ಲಿ ಇದ್ದದ್ದನ್ನೆಲ್ಲ ಅಳಿಸಿ, ಹಳೆಯ ಅಭ್ಯಾಸದಿಂದ ಸೇವ್ ಒತ್ತಿ ಮುಚ್ಚಿದ್ದಾಳೆ. ಈಗ ಫೈಲಿನಲ್ಲಿ ಒಂದಕ್ಷರ ಇಲ್ಲ, ಭಯಕ್ಕೆ ತಲೆಯಲ್ಲೂ ಒಂದಕ್ಷರ ಇಲ್ಲ. ಹೊರಗೆ ಹೆಂಗಸರು ಹಾಡು ಮುಗಿಸುತ್ತಿದ್ದರು. ಅಂದಿನಂತೆ ಇಂದೂ ಅವಳು ಸುರಗಿಯಲ್ಲಿ ಬಾಯಿ ಕಟ್ಟಿ ಕೂರಬೇಕಾಗುತ್ತದೆಯೇ?

ಅರಿಶಿನದ ಕೈಯಲ್ಲೇ ಲ್ಯಾಪ್‌ಟಾಪು ತೆರೆದೆ. ತರಗತಿಯಲ್ಲಿ ಕಣ್ಣು ಮುಚ್ಚಿ ಒತ್ತುವ ಆಜ್ಞೆ, ಎರಡು ಸಲ ತಪ್ಪಿತು. ಮೂರನೆಯ ಸಲ ಒತ್ತಿ, ಫೈಲು ತೆರೆದರೆ ಎಲ್ಲವೂ ಅಲ್ಲಿತ್ತು! ಚಂದ್ರ, ಚುಕ್ಕಿ, ಚುಕ್ಕಿ ಇಟ್ಟ ಹೆಸರಿನ ಜಾಗ, ಎಲ್ಲ. ನಾನು ಗೋಡೆಗೆ ಒರಗಿ ಉಸಿರುಬಿಟ್ಟೆ. ಇಷ್ಟು ವರ್ಷ ಕಲಿಸಿದ ವಿದ್ಯೆ ಒಮ್ಮೆಯಾದರೂ ನಮ್ಮ ಮನೆಗೆ ಬಂತಲ್ಲ ಎಂದು ಕಣ್ಣು ಒದ್ದೆಯಾದವು. ಚಿಗವ್ವ ಚಂದ್ರನನ್ನು ಒಮ್ಮೆ ಓದಿದಳು. ಓದಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

“ಇದಲ್ಲ” ಎಂದಳು. “ಎಲ್ಲಾಕಿಂತ ಮೊದಲಿಂದು ತೋರ್ಸು. ಮಾಳಗಿ ಮ್ಯಾಲೆ ಬರದದ್ದು.”

ಹಿಂದೆ ಹಿಂದೆ ಹೋಗಿ, “ಸುಮ್ನ” ಎಂಬ ಕಾರಣವಿದ್ದದ್ದನ್ನು ತೆರೆದು ಕೊಟ್ಟೆ. ಅವಳು ಅದನ್ನು ತುಟಿಯಲ್ಲೇ ಓದಿಕೊಂಡಳು, ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ನೂಲಿನ ನಡುವೆ ಇಬ್ಬರನ್ನೂ ಕೂರಿಸಿದರು. ಅರಿಶಿನ ಹಚ್ಚಿದರು. ಹೆಂಗಸರು “ಹೆಸರು, ಹೆಸರು” ಎಂದು ಹಿಡಿದರು. ಕಾಕಾ ಅಭ್ಯಾಸಬಲದಿಂದ “ಆಮ್ಯಾಲೆ” ಎಂದು ಬಾಯಿ ತೆರೆದವರು, ಚಿಗವ್ವ ಕೈ ಎತ್ತಿದ್ದು ಕಂಡು ನಿಲ್ಲಿಸಿದರು. ಅವಳು ನೆಲ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಸುರಗಿಯಾಗ ನಾಚಿ ಕುಂತೆ, ಹೆಸರು ಬಾಯಿಗೆ ಬರಲಿಲ್ಲ,
ಗುರುಪಾದಪ್ಪನವರು ಅಂದಿನಿಂದ ನನ್ನ ಎದಿ ಬಿಟ್ಟು ಕದಲಲಿಲ್ಲ.”

ಕಾಕಾ ಕೆನ್ನೆಯ ಅರಿಶಿನ ಒರೆಸಿಕೊಳ್ಳುವವರಂತೆ ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಹೆಂಗಸರ ಕಡೆ ತಿರುಗಿ, ದೊಡ್ಡ ಜಗಳವೊಂದು ಗೆದ್ದವರ ಹಾಗೆ, “ನಾ ಅವತ್ತ ಹೇಳಿದ್ನಿಲ್ಲ, ಆಮ್ಯಾಲೆ ಹೇಳ್ತಾಳ ಅಂತ” ಎಂದರು.

ಮದುವೆಯ ಗದ್ದಲವೆಲ್ಲ ಮುಗಿದ ಮೇಲೆ ಚಿಗವ್ವ ಫೋನು ಮಾಡಿದಳು. ಗಿಟ್‌ನಲ್ಲಿ ಕೊಟ್ಟ ಹೆಸರನ್ನು ಬದಲಿಸುವುದು ಹೇಗೆ ಎಂದು ಕೇಳಿದಳು. ಹೇಳುತ್ತ ಹೋದೆ. ಒಂದೊಂದೇ ಕೀಲಿಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಮೊದಲು ತನ್ನದು, ಆಮೇಲೆ ಬಹಳ ನಿಧಾನವಾಗಿ ನಡುವಿನದು, ಕೊನೆಗೆ ಅಡ್ಡಹೆಸರು. ಇನ್ನು ಮುಂದೆ ಬರೆಯುವುದಕ್ಕೆಲ್ಲ ಈ ಹೆಸರೇ ಬರುತ್ತದೆ, ಹಿಂದಿನವುಗಳಲ್ಲಿ ಅಡ್ಡಗೆರೆ ಹಾಗೇ ಉಳಿಯುತ್ತದೆ ಎಂದೆ. ಬೇಕಿದ್ದರೆ ಅವನ್ನೂ ತಿದ್ದಲು ಒಂದು ಉಪಾಯವಿದೆ, ರವಿವಾರ ಬಂದು ತಿದ್ದಿಕೊಡಲೇ ಎಂದು ಕೇಳಿದೆ.

“ಬ್ಯಾಡ” ಎಂದಳು ಚಿಗವ್ವ. “ಹಳೇದು ಹಂಗ ಇರ್ಲಿ. ಅಷ್ಟು ದಿನ ಅವರು ಕಾದಾರ. ಕಾದದ್ದು ಎಲ್ಲೆರೆ ಒಂದು ಕಡೆ ಉಳೀಲಿ.”